ಮೀನಿನ ತೊಟ್ಟಿಗೆ ಯಾವ ಫಿಲ್ಟರ್ ತರೋಣ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರು ಶಾಲೆಯ ಐವತ್ತು ವರ್ಷದ ನೆನಪುಗಳನ್ನು ಚೆನ್ನಾಗಿ ಹೇಳಿದರು. ನನಗೆ ಕೊಟ್ಟಿರುವ ವಿಷಯ ಚಿಕ್ಕದು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ವಿಜ್ಞಾನ ಪ್ರಯೋಗಾಲಯಕ್ಕೆ ಮೂರು ಅಡಿ ಉದ್ದದ ಒಂದು ಅಕ್ವೇರಿಯಂ ಕೊಡಬೇಕೆಂದು ನಿರ್ಧರಿಸಿದ್ದೇವೆ. ಬರೀ ಮೀನಿನ ತೊಟ್ಟಿಯಲ್ಲ, ಒಳಗೆ ಜೀವಂತ ಗಿಡಗಳನ್ನು ನೆಟ್ಟು ಬೆಳೆಸುವ ಅಕ್ವೇರಿಯಂ. ಹಣವೂ ಕೂಡಿದೆ. ಆದರೆ ಅದಕ್ಕೆ ಯಾವ ಫಿಲ್ಟರ್ ಹಾಕಬೇಕು ಎಂಬುದರ ಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹದಿನೈದು ದಿನದಿಂದ ಚರ್ಚೆ ನಡೆದಿದೆ. "ಕೊಡೋದಾದರೆ ಎಲ್ಲಕ್ಕಿಂತ ಚಲೋದು ಕೊಡೋಣ, ಕ್ಯಾನಿಸ್ಟರ್ ಫಿಲ್ಟರೇ ಇರಲಿ" ಎನ್ನುವವರು ಅರ್ಧ ಮಂದಿ. "ಅಷ್ಟು ರೊಕ್ಕ ಬರೀ ಫಿಲ್ಟರಿಗೆ ಯಾಕ?" ಎನ್ನುವವರು ಇನ್ನರ್ಧ. ಬೆಂಗಳೂರಿನ ನನ್ನ ಮನೆಯಲ್ಲಿ ಹಲವು ವರ್ಷಗಳಿಂದ ಇಂಥ ತೊಟ್ಟಿ ಇದೆಯೆಂದು ತಿಳಿದ ಮುಖ್ಯೋಪಾಧ್ಯಾಯರು, "ನೀನ ಎಲ್ಲಾರ ಮುಂದ ಬಿಡಿಸಿ ಹೇಳಪಾ, ಆಮೇಲೆ ತೀರ್ಮಾನ ಮಾಡೂಣು" ಎಂದರು. ಇನ್ನೂ ಏನನ್ನೂ ಕೊಂಡಿಲ್ಲ. ಇವತ್ತಿನ ಮಾತಿನ ಮೇಲೆ ನಿಮ್ಮೆಲ್ಲರ ದುಡ್ಡು ಎಲ್ಲಿ ಹೋಗುತ್ತದೆ ಎಂಬುದು ನಿಂತಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫಿಲ್ಟರ್ ಅಂದರೆ ಏನು ಎಂಬಲ್ಲಿಂದ ಶುರು ಮಾಡೋಣ. ನಮ್ಮ ಭಾಗದವರಿಗೆ ಇದು ಹೊಸದಲ್ಲ. ನೀರು ಸೋಸುವುದರಲ್ಲಿ ಮೂರು ಬಗೆಯನ್ನು ನಾವು ನೋಡಿದ್ದೇವೆ.

ಮೊದಲನೆಯದು ಕೊಡದ ಬಾಯಿಗೆ ಕಟ್ಟುವ ಅರಿವೆ. ಇಲ್ಲಿರುವ ಅಜ್ಜ ಅಜ್ಜಿಯರಿಗೆ ನಾರುಹುಣ್ಣು ಎಂದರೆ ಗೊತ್ತು. ಮೆಟ್ಟಿಲು ಬಾವಿಯ, ಕೆರೆಯ ನೀರನ್ನು ಸೋಸದೆ ಕುಡಿದವರ ಕಾಲಿನಿಂದ ಮೊಳಗಟ್ಟಲೆ ಹುಳ ಹೊರಬರುತ್ತಿತ್ತು. ಆ ಹುಳದ ಮರಿಯನ್ನು ಹೊತ್ತಿರುತ್ತಿದ್ದ ಸೈಕ್ಲಾಪ್ಸ್ ಎಂಬ ಸಣ್ಣ ನೀರುಚಿಗಟವನ್ನು ತಡೆಯಲು ಒತ್ತಾಗಿ ನೇಯ್ದ ಅರಿವೆ ಸಾಕಾಗಿತ್ತು. ಅರಿವೆಯಿಂದ ಸೋಸಿ ಕುಡಿಯಿರಿ ಎಂದು ಹಳ್ಳಿ ಹಳ್ಳಿಗೆ ಹೇಳಿ, ಮೆಟ್ಟಿಲು ಬಾವಿಗಳ ಬಳಕೆ ತಪ್ಪಿಸಿ, ಬೋರುಗಳನ್ನು ಕೊರೆಸಿ, 2000ನೇ ಇಸವಿಯ ಹೊತ್ತಿಗೆ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಿತು. ಒಂದು ತುಂಡು ಬಟ್ಟೆಯೂ ಫಿಲ್ಟರೇ. ಕಣ್ಣಿಗೆ ಕಾಣುವ, ಕಂಡೂ ಕಾಣದಂಥ ಕಸವನ್ನು ಅದು ತಡೆಯುತ್ತದೆ.

ಎರಡನೆಯದು ಮರಳು. ಲಂಡನ್ನಿನಲ್ಲಿ 1829ರಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ಇಂಜಿನಿಯರು ಥೇಮ್ಸ್ ನದಿಯ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಊರಿಗೆ ಕೊಟ್ಟರು. ಮರಳಿನ ಮೇಲ್ಪದರದಲ್ಲಿ ಬ್ಯಾಕ್ಟೀರಿಯಾ ಮತ್ತಿತರ ಸೂಕ್ಷ್ಮಜೀವಿಗಳ ಲೋಳೆಯಂಥ ಜೀವಂತ ಪದರವೊಂದು ಬೆಳೆಯುತ್ತದೆ. ಅರ್ಧಕ್ಕಿಂತ ಹೆಚ್ಚಿನ ಕೆಲಸ ಅದರದ್ದೇ ಎಂದು ತಿಳಿದದ್ದು ಆಮೇಲೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂದು 8,000ಕ್ಕೂ ಹೆಚ್ಚು ಜನ ಸತ್ತರು. ಅದೇ ಎಲ್ಬ್ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿದ್ದ ಪಕ್ಕದ ಆಲ್ಟೋನಾ ಊರು ಬಹುಮಟ್ಟಿಗೆ ಉಳಿಯಿತು.

ಮೂರನೆಯದು ಈಗ ನಮ್ಮ ಊರೂರಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕ. ನಮ್ಮ ಜಿಲ್ಲೆಯ, ಅದರಲ್ಲೂ ಮುಂಡರಗಿ ಕಡೆಯ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎಂಬುದು ನಮ್ಮ ದೇಶದ ಮಾನಕ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಕಲೆ, ಬಾಗಿದ ಕಾಲು ನಾವೆಲ್ಲ ಕಂಡದ್ದೇ. ಫ್ಲೋರೈಡ್ ನೀರಿನಲ್ಲಿ ಕರಗಿರುತ್ತದೆ. ಅರಿವೆಗೂ ಸಿಗದು, ಮರಳಿಗೂ ಸಿಗದು, ಕುದಿಸಿದರೂ ಹೋಗದು. ಅದಕ್ಕೆ ಆರ್‌ಓ ಯಂತ್ರದಂಥ ವ್ಯವಸ್ಥೆ ಬೇಕು, ಇಲ್ಲವೇ ತುಂಗಭದ್ರೆಯ ನೀರು ನಲ್ಲಿಗೆ ಬರಬೇಕು.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಫಿಲ್ಟರುಗಳಲ್ಲಿ ಎಲ್ಲಕ್ಕಿಂತ ಮೇಲು ಎಂಬುದೊಂದು ಇಲ್ಲ. ಏನನ್ನು ತಡೆಯಬೇಕು, ಎಲ್ಲಿ ತಡೆಯಬೇಕು, ಅದನ್ನು ದಿನಾ ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆ ಮೊದಲು. ಯಂತ್ರ ಆಮೇಲೆ. ಮೀನಿನ ತೊಟ್ಟಿಗೂ ಇದೇ ಲೆಕ್ಕ.

ತೊಟ್ಟಿಯಲ್ಲಿ ಏನನ್ನು ತಡೆಯಬೇಕು? ನೀರಿನಲ್ಲಿ ತೇಲುವ ಕಸ ನಮ್ಮ ಕಣ್ಣಿಗೆ ಅಸಹ್ಯ, ಮೀನಿಗೆ ಅಷ್ಟೇನೂ ತೊಂದರೆಯಲ್ಲ. ಮೀನನ್ನು ಕೊಲ್ಲುವುದು ಕಾಣದ ಅಮೋನಿಯಾ. ಮೀನು ತನ್ನ ಕಿವಿರಿನ ಮೂಲಕ ಅದನ್ನು ಸದಾ ಹೊರಬಿಡುತ್ತಿರುತ್ತದೆ. ಉಳಿದ ಆಹಾರ, ಕೊಳೆತ ಎಲೆ ಕೂಡ ಅಮೋನಿಯಾ ಆಗುತ್ತವೆ. ಕೆರೆಯಲ್ಲಾದರೆ ನೀರು ಅಪಾರ, ಮೀನು ಕಡಿಮೆ. ಮೂರಡಿ ಗಾಜಿನ ಪೆಟ್ಟಿಗೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಎರಡೂ ಕೆಲಸವನ್ನು ಒಂದೇ ಮಾಡಬಲ್ಲ ಬ್ಯಾಕ್ಟೀರಿಯಾ ಇದೆಯೆಂದು 2015ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಮೋನಿಯಾ, ನೈಟ್ರೈಟ್ ಎರಡೂ ವಿಷ. ನೈಟ್ರೇಟ್ ಅಷ್ಟು ವಿಷವಲ್ಲ, ಗಿಡಕ್ಕೆ ಗೊಬ್ಬರ. ಹೊಲಕ್ಕೆ ಯೂರಿಯಾ ಹಾಕಿದಾಗ ಮಣ್ಣಿನಲ್ಲಿ ನಡೆಯುವುದೂ ಇದೇ ಕೆಲಸ. ಎಂಟು, ಒಂಬತ್ತನೇ ತರಗತಿಯ ಮಕ್ಕಳು ನೈಟ್ರೋಜನ್ ಚಕ್ರ ಎಂದು ಚಿತ್ರ ಬರೆಯುತ್ತೀರಲ್ಲ, ಅದು ಈ ಗಾಜಿನ ಪೆಟ್ಟಿಗೆಯಲ್ಲಿ ಕಣ್ಣೆದುರು ನಡೆಯುತ್ತದೆ.

ಅಂದಮೇಲೆ ಅಕ್ವೇರಿಯಂ ಫಿಲ್ಟರ್ ಎಂದರೆ ಮುಖ್ಯವಾಗಿ ಈ ಬ್ಯಾಕ್ಟೀರಿಯಾಗಳಿಗೆ ಕಟ್ಟಿಕೊಟ್ಟ ಮನೆ. ಅವು ಕೂರಲು ಜಾಗ ಬೇಕು, ಉಸಿರಾಡಲು ಆಮ್ಲಜನಕ ತುಂಬಿದ ನೀರು ಅವುಗಳ ಮೇಲೆ ಹರಿಯುತ್ತಿರಬೇಕು. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಫಿಲ್ಟರನ್ನಾದರೂ ಅಳೆಯಬಹುದು.

ಈಗ ಅಂಗಡಿಯಲ್ಲಿ ಸಿಗುವ ಬಗೆಗಳನ್ನು ನೋಡೋಣ.

ಸ್ಪಂಜ್ ಫಿಲ್ಟರ್: ಒಂದು ಸ್ಪಂಜಿನ ಉಂಡೆ, ನಡುವೆ ಕೊಳವೆ. ಹೊರಗಿನ ಏರ್ ಪಂಪು ಗಾಳಿ ಊದುತ್ತದೆ. ಗುಳ್ಳೆ ಮೇಲೇರುವಾಗ ನೀರನ್ನೂ ಎಳೆಯುತ್ತದೆ, ಆ ನೀರು ಸ್ಪಂಜಿನ ಮೂಲಕವೇ ಬರಬೇಕು. ನೀರಿನೊಳಗೆ ತಿರುಗುವ ಯಂತ್ರವೇ ಇಲ್ಲ. ಬೆಲೆ ಕೆಲವು ನೂರು ರೂಪಾಯಿ. ದೋಷವೆಂದರೆ ನೋಡಲು ಚೆಂದವಿಲ್ಲ, ಸ್ವಲ್ಪ ಸದ್ದು ಮಾಡುತ್ತದೆ, ನುಣ್ಣನೆಯ ಧೂಳನ್ನು ಪೂರ್ತಿ ಹಿಡಿಯುವುದಿಲ್ಲ.

ಒಳಗಿಡುವ ಪವರ್ ಫಿಲ್ಟರ್: ಮೋಟಾರು ಮತ್ತು ಸ್ಪಂಜು ಒಂದೇ ಡಬ್ಬಿಯಲ್ಲಿ ನೀರೊಳಗೇ ಇರುತ್ತವೆ. ಸಣ್ಣ ತೊಟ್ಟಿಗೆ ಪರವಾಗಿಲ್ಲ. ಸ್ಪಂಜು ಚಿಕ್ಕದಾದ್ದರಿಂದ ಬೇಗ ಕಟ್ಟಿಕೊಳ್ಳುತ್ತದೆ.

ಹಿಂದೆ ತೂಗುಹಾಕುವ ಫಿಲ್ಟರ್: ತೊಟ್ಟಿಯ ಗಾಜಿನ ಅಂಚಿಗೆ ಸಿಕ್ಕಿಸುವ ಪೆಟ್ಟಿಗೆ. ನೀರನ್ನು ಮೇಲೆಳೆದು ಸೋಸಿ ಸಣ್ಣ ಝರಿಯಂತೆ ಒಳಗೆ ಬೀಳಿಸುತ್ತದೆ. ಶುಚಿ ಮಾಡುವುದು ಸುಲಭ. ನೀರಿನ ಮಟ್ಟ ಇಳಿದರೆ ಸದ್ದು ಹೆಚ್ಚು. ಕೆಲವು ಮಾದರಿಗಳು ಕರೆಂಟು ಹೋಗಿ ಬಂದಾಗ ಮತ್ತೆ ನೀರೆಳೆಯಲು ತಿಣುಕುತ್ತವೆ.

ಜಲ್ಲಿಯ ಕೆಳಗಿನ ಫಿಲ್ಟರ್: ತೂತಿನ ಹಲಗೆಯ ಮೇಲೆ ಜಲ್ಲಿ ಹಾಸಿ ನೀರನ್ನು ಅದರ ಮೂಲಕ ಎಳೆಯುವುದು. ಬರೀ ಮೀನಿಗೆ ನಡೆದೀತು. ಗಿಡದ ಬೇರು ಹಲಗೆಯ ತೂತುಗಳಲ್ಲಿ ಹೆಣೆದುಕೊಳ್ಳುತ್ತದೆ, ಕಿತ್ತರೆ ಎಲ್ಲವೂ ಏಳುತ್ತದೆ. ಹೀಗಾಗಿ ನಮ್ಮ ತೊಟ್ಟಿಗೆ ಬೇಡ.

ಕೊನೆಗೆ ಕ್ಯಾನಿಸ್ಟರ್: ಬಾಯಿ ಭದ್ರವಾಗಿ ಮುಚ್ಚಿದ ಒಂದು ಡಬ್ಬಿ, ತೊಟ್ಟಿಯ ಕೆಳಗೆ ಕಪಾಟಿನಲ್ಲಿ ಇರುತ್ತದೆ. ಒಂದು ಪೈಪಿನಲ್ಲಿ ನೀರು ಇಳಿಯುತ್ತದೆ, ಒಳಗೆ ಬುಟ್ಟಿ ಬುಟ್ಟಿಯಾಗಿ ಜೋಡಿಸಿದ ಸ್ಪಂಜು, ಸೆರಾಮಿಕ್ ಉಂಗುರಗಳ ಮೂಲಕ ಹಾದು, ಮೋಟಾರಿನ ಒತ್ತಡದಿಂದ ಇನ್ನೊಂದು ಪೈಪಿನಲ್ಲಿ ಮೇಲೆ ಬರುತ್ತದೆ. 1960ರ ದಶಕದಲ್ಲಿ ಜರ್ಮನಿಯ ಐಹೈಮ್ ಕಂಪನಿ ಇದನ್ನು ಜನಪ್ರಿಯಗೊಳಿಸಿತು. ಇದರ ಗುಣಗಳನ್ನು ಮುಚ್ಚಿಡಬಾರದು. ಬ್ಯಾಕ್ಟೀರಿಯಾಕ್ಕೆ ಜಾಗ ಬಹಳ. ಸದ್ದಿಲ್ಲ. ತೊಟ್ಟಿಯೊಳಗೆ ಎರಡು ಪೈಪು ಬಿಟ್ಟರೆ ಏನೂ ಕಾಣುವುದಿಲ್ಲ. ನೀರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಸುವುದರಿಂದ ಗಿಡಗಳಿಗೆ ಆಹಾರ ಎಲ್ಲ ಕಡೆ ತಲುಪುತ್ತದೆ. ನನ್ನ ಮನೆಯ ನಾಲ್ಕಡಿ ತೊಟ್ಟಿಗೆ ನಾನು ಹಾಕಿರುವುದೂ ಕ್ಯಾನಿಸ್ಟರೇ.

ಗಿಡದ ತೊಟ್ಟಿಗೆ ಕ್ಯಾನಿಸ್ಟರೇ ಬೇಕು ಎನ್ನುವವರು ಕೊಡುವ ದೊಡ್ಡ ಕಾರಣ ಇಂಗಾಲದ ಡೈಆಕ್ಸೈಡ್. ಗಿಡ ಸೊಂಪಾಗಿ ಬೆಳೆಯಲೆಂದು ಕೆಲವರು ಸಿಲಿಂಡರಿನಿಂದ ಆ ಅನಿಲವನ್ನು ನೀರಿಗೆ ಬಿಡುತ್ತಾರೆ. ಸ್ಪಂಜ್ ಫಿಲ್ಟರಿನ ಗುಳ್ಳೆಗಳು ನೀರಿನ ಮೇಲ್ಮೈಯನ್ನು ಕಲಕಿ ಆ ಅನಿಲವನ್ನು ಹೊರಗೆ ಓಡಿಸುತ್ತವೆ. ಕ್ಯಾನಿಸ್ಟರ್ ಮೇಲ್ಮೈ ಕಲಕದೆ ಕೆಲಸ ಮಾಡಬಲ್ಲದು. ಈ ಮಾತು ಸರಿ. ಜಪಾನಿನ ತಕಾಶಿ ಅಮಾನೊ ಎಂಬ ಛಾಯಾಗ್ರಾಹಕರು ಗಾಜಿನ ಪೆಟ್ಟಿಗೆಯಲ್ಲಿ ಕಾಡು, ಹುಲ್ಲುಗಾವಲನ್ನೇ ನಿಲ್ಲಿಸಿದಂಥ ತೊಟ್ಟಿಗಳನ್ನು ಮಾಡಿ ಜಗತ್ತಿಗೆ ತೋರಿಸಿದರು. ಅವರ ಪದ್ಧತಿಯಲ್ಲಿ ಸಿಲಿಂಡರು, ಪ್ರಖರ ದೀಪ, ಕ್ಯಾನಿಸ್ಟರ್ ಮೂರೂ ಒಟ್ಟಿಗೆ ಬರುತ್ತವೆ.

ಆದರೆ ಸಿಲಿಂಡರೇ ಇಲ್ಲದ ತೊಟ್ಟಿಯಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಹಗಲು ಗಿಡಗಳು ನೀರಿನಲ್ಲಿರುವ ಡೈಆಕ್ಸೈಡನ್ನು ಬೇಗ ಮುಗಿಸುತ್ತವೆ. ಮೇಲ್ಮೈ ಕಲಕಿದರೆ ಗಾಳಿಯಿಂದ ಅಷ್ಟಿಷ್ಟು ಒಳಗೆ ಬರುತ್ತದೆ. ಶಾಲೆಯ ತೊಟ್ಟಿಗೆ ಒತ್ತಡದ ಸಿಲಿಂಡರು ಬೇಡವೆಂದು ಈಗಾಗಲೇ ತೀರ್ಮಾನವಾಗಿದೆ. ಹಾಗಾದರೆ ಗುಳ್ಳೆಯಿಂದ ನಮಗೆ ನಷ್ಟವಿಲ್ಲ.

ಇನ್ನೊಂದು ಮಾತು. ಗಿಡವೇ ಒಂದು ಫಿಲ್ಟರ್. ನೀರೊಳಗಿನ ಗಿಡಗಳಲ್ಲಿ ಹೆಚ್ಚಿನವು ನೈಟ್ರೇಟಿಗಿಂತ ಮೊದಲು ಅಮೋನಿಯಂ ರೂಪದ ಸಾರಜನಕವನ್ನೇ ಹೀರುತ್ತವೆ. 1850ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಗಾಜಿನ ಪಾತ್ರೆಯಲ್ಲಿ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ, ಬಸವನಹುಳು ಇಟ್ಟು, ನೀರು ಬದಲಿಸದೆ ಅವು ಬದುಕಿದ್ದನ್ನು ವರದಿ ಮಾಡಿದರು. ಆಗ ಕರೆಂಟೂ ಇರಲಿಲ್ಲ, ಮೋಟಾರೂ ಇರಲಿಲ್ಲ. 1999ರಲ್ಲಿ ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬುವರು ಇದರ ಮೇಲೆ ಇಡೀ ಪುಸ್ತಕ ಬರೆದರು. ಕೆಳಗೆ ಸಾಮಾನ್ಯ ಮಣ್ಣು, ಅದರ ಮೇಲೆ ತೆಳುವಾಗಿ ಜಲ್ಲಿ, ತುಂಬ ಗಿಡ, ಕಡಿಮೆ ಮೀನು. ಇಷ್ಟಿದ್ದರೆ ಫಿಲ್ಟರಿನ ಕೆಲಸ ಬಹಳ ಕಡಿಮೆಯಾಗುತ್ತದೆ ಎಂಬುದು ಅವರ ಅನುಭವ. ನಮ್ಮ ಪ್ರಯೋಗಾಲಯದಲ್ಲಿ ಬೀಕರಿನೊಳಗೆ ಹೈಡ್ರಿಲಾ ಇಟ್ಟು, ಆಲಿಕೆ ಬೋರಲು ಹಾಕಿ, ಪ್ರನಾಳದಲ್ಲಿ ಆಮ್ಲಜನಕ ಸಂಗ್ರಹಿಸುವ ಪ್ರಯೋಗ ನಮಗೆಲ್ಲ ನೆನಪಿರಬೇಕು. ಅದೇ ಹೈಡ್ರಿಲಾ ಈ ತೊಟ್ಟಿಯಲ್ಲಿ ದಿನವಿಡೀ ಅದೇ ಪ್ರಯೋಗವನ್ನು ಮಾಡುತ್ತಿರುತ್ತದೆ.

ಈಗ ನಮ್ಮ ಶಾಲೆಗೆ ಬರೋಣ. ಇಲ್ಲಿ ನಾಲ್ಕು ಸಂಗತಿಗಳನ್ನು ನೋಡಬೇಕು.

ಮೊದಲನೆಯದು ಕರೆಂಟು. ಕ್ಯಾನಿಸ್ಟರಿನ ದೊಡ್ಡ ಗುಣವೇ ಇಲ್ಲಿ ಅದರ ದೊಡ್ಡ ದೋಷ. ಬಾಯಿ ಮುಚ್ಚಿದ ಡಬ್ಬಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ಮೋಟಾರು ನಿಂತರೆ ಒಳಗಿನ ಆಮ್ಲಜನಕವನ್ನು ಅವು ಕೆಲವೇ ಗಂಟೆಗಳಲ್ಲಿ ಮುಗಿಸಿ ಸಾಯತೊಡಗುತ್ತವೆ, ನೀರು ಕೆಡುತ್ತದೆ. ಕರೆಂಟು ಬಂದ ಕೂಡಲೇ ಮೋಟಾರು ಆ ಕೆಟ್ಟ ನೀರನ್ನು ಮೀನಿನ ಮೇಲೆಯೇ ತಳ್ಳುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಮ್ಮೆ ರಾತ್ರಿ ಏಳು ಗಂಟೆ ಕರೆಂಟು ಇರಲಿಲ್ಲ. ಬೆಳಿಗ್ಗೆ ಡಬ್ಬಿ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ. ಆ ನೀರನ್ನು ಚೆಲ್ಲಿ, ಉಂಗುರಗಳನ್ನು ತೊಟ್ಟಿಯ ನೀರಿನಲ್ಲಿ ಜಾಲಾಡಿ ಆಮೇಲೆ ಶುರು ಮಾಡಿದೆ. ಮನೆಯಲ್ಲಿ ನಾನಿದ್ದೆ, ಮಾಡಿದೆ. ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಬೀಗ ಹಾಕಿದರೆ ತೆಗೆಯುವುದು ಸೋಮವಾರ. ಸ್ಪಂಜು ತೊಟ್ಟಿಯ ನೀರಿನಲ್ಲೇ ತೆರೆದಿರುವುದರಿಂದ ಗಾಳಿ ನಿಂತರೂ ಅದರ ಮೇಲ್ಪದರದ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ತಾಳುತ್ತವೆ.

ಬ್ಯಾಟರಿಯ ಲೆಕ್ಕ ನೋಡಿ. 12 ವೋಲ್ಟ್, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಶಕ್ತಿ. ಅದರ ಅರ್ಧ, ಅಂದರೆ 42, ಮಾತ್ರ ಬಳಸುತ್ತೇವೆ ಎಂದುಕೊಳ್ಳಿ. 3 ವ್ಯಾಟಿನ ಏರ್ ಪಂಪು ಅದರಲ್ಲಿ 14 ಗಂಟೆ ನಡೆಯುತ್ತದೆ. 20 ವ್ಯಾಟಿನ ಕ್ಯಾನಿಸ್ಟರ್ ಎರಡು ಗಂಟೆಯಷ್ಟೇ. ತಿಂಗಳ ಬಿಲ್ಲಿನಲ್ಲಿ ಒಂದು ಸುಮಾರು 2 ಯೂನಿಟ್, ಇನ್ನೊಂದು ಸುಮಾರು 14 ಯೂನಿಟ್. ಬಿಲ್ಲಿನ ವ್ಯತ್ಯಾಸ ದೊಡ್ಡದಲ್ಲ, ಕತ್ತಲೆಯ ರಾತ್ರಿಯ ವ್ಯತ್ಯಾಸ ದೊಡ್ಡದು.

ಎರಡನೆಯದು ಬಿಸಿಲು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30 ಡಿಗ್ರಿಗೆ ಸುಮಾರು 7.5ಕ್ಕೆ ಇಳಿಯುತ್ತದೆ. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಗುಳ್ಳೆ ಬಿಡುವ ಫಿಲ್ಟರೇ ಮೀನಿಗೆ ಆಸರೆ. ಕ್ಯಾನಿಸ್ಟರಿನಿಂದಲೂ ಮೇಲ್ಮೈ ಕಲಕಿಸಬಹುದು, ಆಗ ಅದನ್ನು ಕೊಂಡ ಕಾರಣವೇ ಅರ್ಧ ಹೋಗುತ್ತದೆ.

ಮೂರನೆಯದು ನೀರು. ನಮ್ಮ ಬೋರಿನ ನೀರು ಗಡಸು. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಪದರ ನೋಡಿದ್ದೀರಿ. ಅದೇ ಸುಣ್ಣ ಮೋಟಾರಿನ ತಿರುಗುವ ಚಕ್ರಕ್ಕೂ, ಪೈಪಿನ ತೂತುಗಳಿಗೂ ಕಟ್ಟುತ್ತದೆ. ಸ್ಪಂಜ್ ಫಿಲ್ಟರಿನಲ್ಲಿ ತಿರುಗುವ ಚಕ್ರವೇ ಇಲ್ಲ. ಇಂಥ ನೀರು ಸಾಮಾನ್ಯವಾಗಿ ಕ್ಷಾರೀಯ. ಕ್ಷಾರೀಯ ನೀರಿನಲ್ಲಿ, ಬಿಸಿ ನೀರಿನಲ್ಲಿ ಅಮೋನಿಯಾ ಹೆಚ್ಚು ವಿಷ ಎಂಬುದನ್ನೂ ನೆನಪಿಡಬೇಕು. ಹಾಗಂತ ಶುದ್ಧ ನೀರಿನ ಘಟಕದ ನೀರನ್ನು ತೊಟ್ಟಿಗೆ ತರುವುದು ಬೇಡ. ಜನ ಕೊಡ ಹಿಡಿದು ನಿಲ್ಲುವ ನೀರನ್ನು ಮೀನಿಗೆ ಸುರಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ವಿಜ್ಞಾನವೂ ಅದನ್ನು ಕೇಳುವುದಿಲ್ಲ, ಲವಣವೆಲ್ಲ ತೆಗೆದ ನೀರು ಮೀನಿಗೆ ಹಾಗೇ ಹಿಡಿಸದು. ಗಡಸು ನೀರಿನಲ್ಲಿ ಖುಷಿಯಾಗಿ ಬದುಕುವ ಗಪ್ಪಿ ಮೀನು ಇದೆ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಿಡುವ ಮೀನುಗಳಲ್ಲಿ ಅದೂ ಒಂದು. ವ್ಯಾಲಿಸ್ನೇರಿಯಾ, ಹೈಡ್ರಿಲಾ ಎರಡಕ್ಕೂ ಗಡಸು ನೀರು ಒಗ್ಗುತ್ತದೆ. ಇರುವ ನೀರಿಗೆ ತಕ್ಕ ಮೀನು, ಗಿಡ ಆರಿಸಿದರೆ ಮುಗಿಯಿತು.

ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಕೈ. ಯಾರ ಕೈ ಇದನ್ನು ಶುಚಿ ಮಾಡುತ್ತದೆ? ಕ್ಯಾನಿಸ್ಟರ್ ತೊಳೆಯಬೇಕೆಂದರೆ ವಾಲ್ವ್ ಮುಚ್ಚಿ, ಪೈಪು ಬಿಚ್ಚಿ, ತುಂಬಿದ ಡಬ್ಬಿಯನ್ನು ಹೊತ್ತೊಯ್ದು, ಬುಟ್ಟಿಗಳನ್ನು ಕ್ರಮವಾಗಿ ತೆಗೆದು, ರಬ್ಬರ್ ರಿಂಗನ್ನು ಕಸವಿಲ್ಲದಂತೆ ಒರೆಸಿ ಕೂರಿಸಿ, ಮತ್ತೆ ನೀರು ತುಂಬಿಸಿ ಗಾಳಿ ಹೊರಹಾಕಬೇಕು. ರಿಂಗು ಸರಿಯಾಗಿ ಕೂರದಿದ್ದರೆ ಪ್ರಯೋಗಾಲಯದ ನೆಲದ ಮೇಲೆ ನೀರು. ಒಂದು ಭಾಗ ಮುರಿದರೆ ಅದೇ ಕಂಪನಿಯ, ಅದೇ ಮಾದರಿಯ ಭಾಗ ಬೇಕು. ಸ್ಪಂಜಿಗೆ ಇದೊಂದೂ ಇಲ್ಲ. ಬಕೆಟ್ಟಿಗೆ ತೊಟ್ಟಿಯ ನೀರು ತೆಗೆದು ಅದರಲ್ಲಿ ನಾಲ್ಕು ಸಲ ಹಿಂಡಿದರೆ ಆಯಿತು, ಹತ್ತು ನಿಮಿಷ. ಎಂಟನೇ ತರಗತಿಯ ಹುಡುಗಿ ಒಂಬತ್ತನೆಯವಳಿಂದ ನೋಡಿ ಕಲಿಯಬಹುದು. ಒಂದೇ ಎಚ್ಚರ, ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರಿನಲ್ಲಿ ಹಿಂಡಬಾರದು, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮ ವೃತ್ತಿಯಲ್ಲಿ ಒಂದು ದೊಡ್ಡ ಯಂತ್ರದ ಮೇಲೆ ಎಲ್ಲ ಭಾರ ಹಾಕುವುದಕ್ಕಿಂತ ಎರಡು ಸಣ್ಣ ಯಂತ್ರ ಇಡುವುದು ರೂಢಿ. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಅದೇ ಬುದ್ಧಿಯಿಂದ ನನ್ನ ಸಲಹೆ ಇದು.

ತೊಟ್ಟಿ 90 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ. ಅಂಚಿನವರೆಗೆ ತುಂಬಿದರೆ 144 ಲೀಟರ್. ನೀರು, ಗಾಜು, ಮರಳು ಸೇರಿ ಹತ್ತಿರ ಹತ್ತಿರ ಎರಡು ಕ್ವಿಂಟಲ್ ತೂಗುತ್ತದೆ, ಆದ್ದರಿಂದ ಗೋಡೆಗೆ ಹತ್ತಿ ಕಡಪಾ ಕಲ್ಲಿನ ಗಟ್ಟಿ ಕಟ್ಟೆ ಬೇಕು. ಎರಡು ಮೂಲೆಗೆ ಎರಡು ದೊಡ್ಡ ಸ್ಪಂಜ್ ಫಿಲ್ಟರ್, ಎರಡು ಬೇರೆ ಬೇರೆ ಏರ್ ಪಂಪು. ಅವುಗಳಲ್ಲಿ ಒಂದು ಬ್ಯಾಟರಿಯಿಂದ ತಾನಾಗಿ ನಡೆಯುವಂಥದ್ದು. ಕರೆಂಟು ಹೋದಾಗ ನೀರು ಗಾಳಿಯ ಕೊಳವೆಯಲ್ಲಿ ಹಿಂದಕ್ಕೆ ಬಾರದಂತೆ ಎರಡಕ್ಕೂ ಒಂದೊಂದು ಚೆಕ್ ವಾಲ್ವ್. ಕೆಳಗೆ ಜರಡಿ ಹಿಡಿದ ಮಸಾರಿ ಮಣ್ಣು ಒಂದಿಂಚು, ಅದರ ಮೇಲೆ ತೊಳೆದ ಮರಳು. ಎರೆ ಮಣ್ಣು ಬೇಡ, ಕದಡಿದರೆ ಬೇಗ ತಿಳಿಯಾಗುವುದಿಲ್ಲ. ಮೊದಲ ದಿನವೇ ಒತ್ತಾಗಿ ಗಿಡ. ಮೀನು ಮಾತ್ರ ಒಂದೂವರೆ ತಿಂಗಳು ಬಿಟ್ಟು.

ಉಳಿದ ಹಣ ಹೆಚ್ಚೇ ಇರುತ್ತದೆ. ಅದರಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್, ಗಡಸುತನ ಅಳೆಯುವ ಪರೀಕ್ಷಾ ಕಿಟ್ಟುಗಳನ್ನು ತರೋಣ. ಜೊತೆಗೆ ಫ್ಲೋರೈಡ್ ಅಳೆಯುವ ಕಿಟ್ಟನ್ನೂ. ಮೊದಲ ಆರು ವಾರ ಮಕ್ಕಳು ವಾರಕ್ಕೆರಡು ಸಲ ತೊಟ್ಟಿಯ ನೀರು ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಬರೆದು ಗ್ರಾಫ್ ಹಾಕಲಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಅದರ ಹಿಂದೆ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ನಿಧಾನ ಏರುತ್ತದೆ. ಗಿಡ ತುಂಬ ಇದ್ದರೆ ಈ ಏರಿಳಿತ ಸಣ್ಣದಾಗಿಯೇ ಇರಬಹುದು. ಅದೂ ಒಂದು ಪಾಠವೇ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ದಿನ ಮೀನು ಬಿಡುವುದು. ತೊಟ್ಟಿಯ ನೀರು ಅಳೆಯಲು ಕಲಿತ ಮಕ್ಕಳು ತಮ್ಮ ಮನೆಯ ಬೋರಿನ ನೀರನ್ನೂ ಒಂದು ಬಾಟಲಿಯಲ್ಲಿ ತಂದು ಅಳೆಯಲಿ. ನಮ್ಮ ಓಣಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನಮ್ಮ ಮಗಳೇ ಅಳೆದು ಹೇಳಿದರೆ, ಯಾವ ನೀರು ಕುಡಿಯಬೇಕು ಎಂಬ ಮಾತಿಗೆ ಮನೆಯಲ್ಲಿ ತೂಕ ಬರುತ್ತದೆ. ಕಿಟ್ಟು ತೋರಿಸುವುದು ಅಂದಾಜು ಮಾತ್ರ. ಹೆಚ್ಚು ಕಂಡರೆ ಪಂಚಾಯತಿಗೆ ತಿಳಿಸಿ ಸರಿಯಾದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು.

ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆಯುವ ಎರಡು ಬಕೆಟ್ ನೀರು ಗೊಬ್ಬರದ ನೀರು. ಅದನ್ನು ಶಾಲೆಯ ಕೈತೋಟದ ಕರಿಬೇವಿಗೆ, ನುಗ್ಗೆಗೆ ಹಾಕಬೇಕು. ಬದಲಿ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಮೀನು ಮರಿ ಹಾಕಿ ಹೆಚ್ಚಾದರೆ, ಗಿಡ ಬೆಳೆದು ಹೆಚ್ಚಾದರೆ ಬೇರೆ ಶಾಲೆಗೆ ಕೊಡೋಣ. ಕೆರೆ ಹಳ್ಳಕ್ಕೆ ಮಾತ್ರ ಬಿಡಬೇಡಿ ಮಕ್ಕಳೇ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವಾಯಿತು. ಅಂಥ ಕೆರೆಗಳಿಗೆ ಹೊರಗಿನ ಮೀನು, ಹೊರಗಿನ ಗಿಡ ಸೇರಿದರೆ ಅಲ್ಲಿಯವು ಸೋಲುತ್ತವೆ.

ಹಾಗಾದರೆ ಕ್ಯಾನಿಸ್ಟರ್ ಬೇಡವೇ ಬೇಡವೇ? ಈಗ ಬೇಡ ಎನ್ನುತ್ತೇನೆ. ಸರ್ಕಾರಿ ಶಾಲೆಗಳಿಗೆ ಅಭಿಮಾನದಿಂದ ಕೊಟ್ಟ ಎಷ್ಟೋ ವಸ್ತುಗಳು ಬಟ್ಟೆ ಹೊದ್ದು ಬೀಗದೊಳಗೆ ಕುಳಿತಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಕೊಟ್ಟವರ ಹೆಸರು ಕಲ್ಲಿನ ಮೇಲಿದೆ, ವಸ್ತು ಮಾತ್ರ ನಡೆಯುತ್ತಿಲ್ಲ. ಕೊಟ್ಟವರಲ್ಲೂ ತಪ್ಪಿಲ್ಲ, ಮಾಸ್ತರರಲ್ಲೂ ತಪ್ಪಿಲ್ಲ. ಕೆಟ್ಟಾಗ ರಿಪೇರಿ ಮಾಡುವ ಕೈ ಹತ್ತಿರ ಇರಲಿಲ್ಲ, ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಬರೀ ದುಡ್ಡಿಗಲ್ಲ. ಎರಡು ವರ್ಷ ಈ ತೊಟ್ಟಿ ನಡೆಯಲಿ. ಎರಡು ಬೇಸಿಗೆ ರಜೆಗಳನ್ನು ಮೀನುಗಳು ದಾಟಲಿ. ಮಕ್ಕಳ ನೋಟ್‌ಬುಕ್ ತುಂಬಲಿ. ಆಗ ಮಕ್ಕಳೇ "ಸರ್, ನಮಗ ಇದಕ್ಕಿಂತ ದೊಡ್ಡ ತೊಟ್ಟಿ, ಬೇರೆ ಗಿಡ ಬೇಕು" ಎಂದರೆ, ಪ್ರಯೋಗಾಲಯಕ್ಕೆ ಸೋಲಾರ್ ಇಲ್ಲವೇ ಇನ್ವರ್ಟರ್ ಬಂದಿದ್ದರೆ, ತೊಳೆಯಲು ಕಲಿತ ಇಬ್ಬರು ಸಿದ್ಧರಿದ್ದರೆ, ಕ್ಯಾನಿಸ್ಟರಿನ ಖರ್ಚು ನನ್ನದು. ಇದನ್ನು ಸಭೆಯ ಮುಂದೆ ಹೇಳುತ್ತಿದ್ದೇನೆ, ಸಂಚಿಕೆಯಲ್ಲೂ ಅಚ್ಚಾಗಲಿ, ನಾಳೆ ನನ್ನನ್ನು ಹಿಡಿದು ಕೇಳಲು ಅನುಕೂಲ.

ಬೇಸಿಗೆ ರಜೆಯಲ್ಲಿ ತೊಟ್ಟಿ ನೋಡಿಕೊಳ್ಳಲು ಶಾಲೆಯ ಹತ್ತಿರ ಮನೆಯಿರುವ ನಾಲ್ವರು ಹಳೆಯ ವಿದ್ಯಾರ್ಥಿಗಳು ಹೆಸರು ಕೊಡಬೇಕು. ಎರಡು ದಿನಕ್ಕೊಮ್ಮೆ ಬಂದು ಒಂದು ಚಿಟಿಕೆ ಆಹಾರ ಹಾಕಿ, ಗುಳ್ಳೆ ಬರುತ್ತಿದೆಯೇ ನೋಡಿ, ಆವಿಯಾದಷ್ಟು ನೀರು ತುಂಬಿದರೆ ಸಾಕು. ದುಡ್ಡು ಕೊಟ್ಟವರ ಪಟ್ಟಿ ಉದ್ದವಾಗಿದೆ, ಸಂತೋಷ. ಕೈ ಕೊಡುವವರ ಪಟ್ಟಿ ಇನ್ನೂ ಖಾಲಿ ಇದೆ. ಅದು ಮೇಜಿನ ಮೇಲೆ ಮುಖ್ಯೋಪಾಧ್ಯಾಯರ ಎದುರಿಗಿದೆ. ಊಟಕ್ಕೆ ಏಳುವ ಮೊದಲು ದಯವಿಟ್ಟು ಅದರಲ್ಲಿ ನಾಲ್ಕು ಹೆಸರು ಬರೆಯಿರಿ.